ನನ್ನ ಕುದರಿ ಮುಂದ ಹೋಗವಲ್ದು

ಕುದರಿ ಸಾಕಿದವನ ಬಾಳೇವದಾಗ ಮಂದಿ ನಗೂವಂಥಾದ್ದು ವಾರಕ್ಕೊಂದರ ಆಗೇ ಆಗತೈತಿ. ಆಗದಿದ್ದ ವಾರ ನನಗ ಸಂಶಯ ಬರತೈತಿ, ಕುದರಿಗೆ ಆರಾಮ ಇಲ್ಲೇನೋ ಅಂತ. ನಾ ಸಾಲಿ ಕಲಿತಾಂವಲ್ಲ, ಕುದರಿ ಕಲಿತಾಂವ. ಬೈಲಹೊಂಗಲದಾಗ ನಾ ಸೀಟಿ ಹೊಡದ್ರ ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗಿನ ಕುದರಿ ಸೈತ ಕಿವಿ ನಿಗರಸತೈತಿ. ಸುಳ್ಳಲ್ಲ, ನೋಡಿದವರು ಅದಾರ. ಅಂಥಾ ನನಗ ಗಂಟು ಬಿದ್ದದ್ದು ಒಂದು ಬಿಳಿ ಹೆಣ್ಣಗುದರಿ. ಮದಿವಿ ಮೆರವಣಿಗಿಯೊಳಗ ಮದಲಿಂಗನ್ನ ಹೊತ್ತಗೊಂಡು ನಡಿಯೂದು ಅದರ ಕೆಲಸ. ನಿಂತ ಬಿಡೂದು ಅದರ ಚಟ.

೧. ರಸ್ತೆದ ಹಂಪ್

ಯರಗಟ್ಟಿಯೊಳಗ ಒಬ್ಬ ವ್ಯಾಪಾರಿ ಕಡೆ ಅದನ್ನ ತಗೊಂಡೆ. ಹಲ್ಲು ನೋಡಿದೆ, ಗೊರಸು ನೋಡಿದೆ, ಕಣ್ಣ ಮುಂದ ಕೈ ಆಡಿಸಿದೆ. ಒಂದೂ ಐಬು ಸಿಗಲಿಲ್ಲ. ಐಬಿಲ್ಲದ ಕುದರಿ ನಾ ಹುಟ್ಟಿದಾಗಿಂದ ನೋಡಿಲ್ಲ, ಹಿಂಗಾಗಿ ಅಲ್ಲೇ ಸಂಶಯ ಬಂತು.

"ಯಾಕ ಮಾರತಿ ತಮ್ಮಾ?" ಅಂತ ಕೇಳಿದೆ.

"ಕಟ್ಟಾಕ ಜಾಗಾ ಇಲ್ರಿ ಅಜ್ಜಾರ" ಅಂದ. ಅವನ ಬೆನ್ನ ಹಿಂದ ನಾಕ ಎಕರೆ ಬಯಲು ಖಾಲಿ ಬಿದ್ದಿತ್ತು.

ಹಗ್ಗ ಹಿಡಕೊಂಡು ಹೊಂಟೆ. ಊರ ಹೊರಗ ರಸ್ತೆದಾಗ ಒಂದು ಹಂಪ್ ಬಂತು, ಬಿಳಿ ಪಟ್ಟಿ ಬಳದದ್ದು. ಕುದರಿ ಅದನ್ನ ಮೂಸಿತು, ನನ್ನ ನೋಡಿತು, ನಾಕೂ ಕಾಲು ಊರಿ ನಿಂತಿತು. ಆ ನೋಟ ಹೆಂಗಿತ್ತಂದ್ರ, ಹಂಪ್ ನಾನ ರಾತ್ರೋರಾತ್ರಿ ಬಂದು ಹಾಕಿಸೀನಿ ಅನ್ನೂವಂಗ. ಬೆಲ್ಲ ತೋರಿಸಿದೆ. ಬೈದೆ. ಹಾಡು ಹಾಡಿದೆ. ಕಡೀಕ ವ್ಯಾಪಾರಿಗೆ ಫೋನ್ ಹಚ್ಚಿದೆ.

"ತಮ್ಮಾ, ನಿನ್ನ ಕುದರಿ ಮುಂದ ಹೋಗವಲ್ದು."

"ಈಗ ಅದು ನಿಮ್ಮ ಕುದರಿರಿ ಅಜ್ಜಾರ" ಅಂದು ಫೋನ್ ಇಟ್ಟ.

ಮತ್ತೇನು ಮಾಡ್ಲಿ? ಉಟ್ಟ ಧೋತರ ಬಿಚ್ಚಿ ಹಂಪಿನ ಮ್ಯಾಲ ಹಾಸಿದೆ. ಪಟ್ಟಿ ಮುಚ್ಚಿದ್ದ ತಡ, ರಾಣಿಹಂಗ ದಾಟಿತು. ಅಷ್ಟರಾಗ ಬೈಲಹೊಂಗಲದ ಬಸ್ಸು ಬಂದು ನಿಂತಿತು. ಚಡ್ಡಿ ಮ್ಯಾಲ ನಿಂತ ನನ್ನ ನೋಡಿ ಕಂಡಕ್ಟರ್ ಬಾಗಲದಾಗಿಂದ ಒದರಿದ, "ಎಲ್ಲಿತನ ಹೊಂಟ್ರಿ ಅಜ್ಜಾರ?"

"ಬೈಲಹೊಂಗಲತನ."

"ಇನ್ನೂ ಹದಿನಾಕ ಹಂಪ್ ಅದಾವರಿ. ಮೈಮ್ಯಾಲ ಅಷ್ಟು ಅರಬಿ ಅದಾವೇನು?"

೨. ಸವದತ್ತಿಯ ಕೀಲಿ ಹಾಕಿದ ಮನಿ

ಮೊದಲನೇ ಮದಿವಿ ಸವದತ್ತಿಯೊಳಗ. ನಮ್ಮ ಕಡೆ ಮದಲಿಂಗನ ಕುದರಿ ಬಂತಂದ್ರ ಹೆಣ್ಣಮಕ್ಕಳು ಬಾಗಲಕ್ಕ ಬಂದು ಅದರ ಕಾಲಿಗೆ ನೀರು ಹಾಕಿ, ಬಾಯಿಗೆ ಬೆಲ್ಲ ಇಡತಾರ. ಎರಡು ಮನಿ ಬೆಲ್ಲ ತಿಂದ ಕುದರಿ ಮೂರನೇ ಮನಿಯಿಂದ ಕರೀದ ಹೋಗಿ ನಿಲ್ಲಾಕ ಹತ್ತಿತು. ಹಂಗ ನಿಂತಕೊಂತ ನಿಂತಕೊಂತ ಕೀಲಿ ಹಾಕಿದ ಒಂದು ಮನಿ ಮುಂದ ಬಂದು ನಿಂತಿತು. ಒಳಗ ಯಾರೂ ಇಲ್ಲ, ಬೆಲ್ಲ ಕೊಡಾವರಿಲ್ಲ. ಇದು ಬಿಡವಲ್ದು.

ಹೆಣ್ಣಿನ ಸ್ವಾದರಮಾವ ಮೀಸಿ ತಿರುವಿಕೊಂತ ಬಂದ. ಮನಿ ನೋಡಿದ, ಕುದರಿ ನೋಡಿದ, ಮ್ಯಾಲ ಕುಂತ ಮದಲಿಂಗನ್ನ ನೋಡಿದ.

"ಏನಜ್ಜಾ, ಕುದರಿಗೆ ಈ ಮನಿ ಗುರತು ಐತೇನು?" ಅಂತ ನನ್ನ ಕೇಳಿದ.

ನಾ ಬಾಯಿ ತಗಿಯೂದ್ರಾಗ ಮದಲಿಂಗನ ಬಾಸಿಂಗ ನಡುಗಾಕ ಹತ್ತಿತು. "ಮಾವಾರ, ಆಣಿ ಮಾಡತೇನಿ, ಎರಡ ಸಲ ಅಷ್ಟ ಬಂದೇನಿ! ಮೊದಲನೇ ಸಲ ಹೆಣ್ಣ ನೋಡಾಕ! ಒಲ್ಲೆ ಅಂತ ಹೇಳಿ ಹೋದೆ! ಎರಡನೇ ಸಲ ಮರತ ಮೊಬೈಲ್ ತಗೊಂಡು ಹೋಗಾಕ!"

ಅವನ್ನ ಯಾರೂ ಕೇಳಿರಲಿಲ್ಲ. ಸ್ವಾದರಮಾವ ಮೀಸಿ ಬಿಟ್ಟ, ಕುದರಿ ಹಗ್ಗ ಹಿಡದ. "ಅಜ್ಜಾ, ಕುದರಿ ಇಲ್ಲೇ ನಿಲ್ಲಲಿ. ಹ್ಞೂಂ, ಈಗ ಹೇಳಪಾ ಅಳಿಯಾ, ಮೊಬೈಲ್ ತಗೊಳ್ಳಾಕ ಎಷ್ಟೊತ್ತು ಕುಂತಿದ್ದಿ?"

೩. ಕಿತ್ತೂರಿನ ಡಾಕ್ಟರ

ಅದಾದ ಮ್ಯಾಲ ಊರಾಗ ಗುಸುಗುಸು. ಮಂದಿ ಗುಟ್ಟು ಹೊರಗ ಹಾಕಾಕ ಮುದುಕ ಕುದರಿಗೆ ನಿಲ್ಲೂದು ಕಲಸ್ಯಾನ ಅಂತ. ನನಗರ ಸಂಶಯ ಬ್ಯಾರೇನ ಇತ್ತು. ಮದಿವಿಗೆ ಹೂವಿನ ಕಾರು ಬಾಡಗಿ ಬಿಡಾಂವ ಒಬ್ಬ ಅದಾನ, ಅಂವ ಏನರ ಮಾಟ ಮಾಡಿಸಿರಬೇಕು ಅಂತ. ಯಾವುದಕ್ಕೂ ಇರಲಿ ಅಂತ ಕಿತ್ತೂರಿನ ದನದ ಡಾಕ್ಟರ ಕಡೆ ಹೊಡಕೊಂಡು ಹೋದೆ.

ಡಾಕ್ಟರ ಹಗ್ಗ ಹಿಡದ್ರು, ಕುದರಿ ಕುರಿಮರಿಹಂಗ ಅಂಗಳ ಸುತ್ತಿತು. ನಾ ಹಿಡದೆ, ನಿಂತಿತು. ಅವರು ಹಿಡದ್ರು, ನಡೀತು. ನಾ ಹಿಡದೆ, ನಿಂತಿತು. ಡಾಕ್ಟರ ಚಾಳೀಸದ ಮ್ಯಾಲಿಂದ ನನ್ನ ನೋಡಿದ್ರು.

"ಕುದರಿ ಬರೋಬ್ಬರಿ ಐತಿ ಯಜಮಾನ್ರ. ಹಾದಿಯೊಳಗ ನೀವು ಅದರ ಮುಂದ ಏನರ ಮಾತಾಡತೀರೇನು?"

"ಮಾತಾಡದ ಹೆಂಗ್ರಿ? ನಮ್ಮಜ್ಜನ ಕುದರಿ ಕಿತ್ತೂರಿನ ಕೋಟೆ ಗ್ವಾಡಿ ಜಿಗದದ್ದು ಹೇಳಕೊಂತ ಬಂದೇನಿ."

"ಗ್ವಾಡಿ ಎಷ್ಟು ಎತ್ತರ ಹೇಳಿದ್ರಿ?"

"ಬೈಲಹೊಂಗಲ ಬಿಡೂವಾಗ ಹತ್ತ ಮೊಳ ಇತ್ತು. ಇಲ್ಲಿ ಬರೂದ್ರಾಗ ಮೂವತ್ತ ಮೊಳ ಆತು."

"ಮತ್ತ ನಿಲ್ಲಲಾರದ ಏನು ಮಾಡೀತ್ರಿ? ಕಿತ್ತೂರು ಬಂತಂದ ಕೂಡಲೇ ಈಗ ಜಿಗಿಯೂ ಪಾಳಿ ತನ್ನದ ಅಂತ ತಿಳದೈತಿ!"

೪. ರಾಮದುರ್ಗದ ಮದಿವಿ

ನಮ್ಮ ಮನಿಯಾಕಿ ಒಂದ ಮಾತಿನ್ಯಾಗ ತೀರ್ಮಾನ ಮಾಡಿದ್ಲು. "ರಾಮದುರ್ಗದಾಗ ಇದೊಂದು ಸಲ ನಿಂತ್ರ, ಯರಗಟ್ಟಿಗೆ ಹೊಳ್ಳಿ ಹೊಡದು ಬರ್ರಿ. ಇಲ್ಲಾಂದ್ರ ನೀವೂ ಅದರ ಜೋಡಿ ಅಲ್ಲೇ ಇರ್ರಿ."

 ಮುಂಜಾನೆ ನಾ ಚಾ ಕುಡಿಯೂವಾಗ ಆ ಕುದರಿ ನನ್ನ ಹೆಗಲ ಮ್ಯಾಲ ಗದ್ದ ಇಟ್ಟು ನಿಲ್ಲತೈತಿ. ಅಂಥಾದ್ದನ್ನ ಬಿಟ್ಟು ಕೊಡೂದು ಹೆಂಗ?

ರಾಮದುರ್ಗದಾಗ ಮದಿವಿ ಹಂದರ ಕಣ್ಣಿಗೆ ಕಾಣತಿತ್ತು, ಮುಹೂರ್ತದ ಅಕ್ಕಿಕಾಳು ಬೀಳಾಕ ಹತ್ತ ಮಿನಿಟು ಇತ್ತು. ಹಂದರದ ಬಾಗಲಕ್ಕ ಗಾಳಿ ತುಂಬಿದ ಬಣ್ಣಬಣ್ಣದ ಪುಗ್ಗಾದ ಕಮಾನು ಕಟ್ಟಿದ್ರು. ಗಾಳಿಗೆ ಅದು ಅಲುಗಾಡಿತು. ಕುದರಿ ನಿಂತ ಬಿಟ್ಟಿತು!

ಮುಂದಿಂದ ನಾ ಎಳದೆ, ಹಿಂದಿಂದ ಬೀಗರು ನೂಕಿದ್ರು. ನಾ ಎಳದಷ್ಟೂ ಅದು ಹಿಂದ ಸರೀತು. ಆಗ ನನಗ ತಿಳೀತು. ಇದಕ್ಕ ನನ್ನ ಮ್ಯಾಲ ಸಂಶಯ, ನಾ ಎತ್ತ ಎಳದರ ಅದರ ಉಲ್ಟಾ ಹೋಗತೈತಿ. ಹಂಗಿದ್ರ ತಿರುಗಿಸೇ ಬಿಡೂಣು ಅಂತ, ಬಾಲ ಹಂದರದ ಕಡೆ, ಮಾರಿ ಬೈಲಹೊಂಗಲದ ಕಡೆ ಮಾಡಿದೆ. ಬೈಲಹೊಂಗಲದ ಕಡೆ ಜಗ್ಗಿದೆ ನೋಡ್ರಿ, ರಿವರ್ಸ್ ಗೇರ್ ಹಾಕಿದ ಲಾರಿಹಂಗ ಹಂದರದ ಕಡೆ ಹೊಂಟಿತು!

"ಅಜ್ಜಾರ, ನಾ ಎಲ್ಲಿ ಹೊಂಟೇನ್ರಿ?" ಅಂತ ಮ್ಯಾಲಿಂದ ಮದಲಿಂಗ ಅಂಜಿಕೊಂತ ಕೇಳಿದ.

"ಮದಿವಿಗೆ ತಮ್ಮಾ. ಗಟ್ಟಿ ಹಿಡಕೋ."

ಆದ್ರ ಕಮಾನಿನ ಕೆಳಗ ನಿಂತ ಹೆಣ್ಣಿನ ಕಡೆಯವರಿಗೆ ಕಂಡದ್ದು ಮದಲಿಂಗನ ಬೆನ್ನು. "ಅಂವ ಓಡಿ ಹೊಂಟಾನ! ಹಿಡೀರಿ!" ಅಂತ ಹೆಣ್ಣಿನ ಅಪ್ಪ ಒದರಿದ. ನಾಕ ಮಂದಿ ಛತ್ರಿ ಹಿಡಕೊಂಡು ಓಡಿ ಬಂದು, ನಮ್ಮನ್ನ ದಾಟಿ, ಬೈಲಹೊಂಗಲದ ಹಾದಿಗೆ ಅಡ್ಡ ನಿಂತ್ರು. ಹಾದಿ ಪೂರಾ ಕಟ್ಟಬೇಕಂತ ಛತ್ರಿ ಬಿಚ್ಚಿದ್ರು. ಮಾರಿ ಮುಂದ ನಾಕ ಕರೇ ಛತ್ರಿ ಟಪ್ ಟಪ್ ಅಂತ ಅರಳಿದ್ದ ತಡ, ಕುದರಿ ನನ್ನನ್ನೂ ಎಳಕೊಂಡು ಹಿಂದಹಿಂದಕ ಓಡಿ, ಕಮಾನು ದಾಟಿ, ಸೀದಾ ಹಂದರದಾಗ! ಹಿಂದಹಿಂದಕ ಅಷ್ಟು ಜೋರು ಓಡಿದ ಕುದರಿ ಈ ಜಿಲ್ಲಾದಾಗ ಮತ್ತೊಂದಿಲ್ಲ. ಅಕ್ಕಿಕಾಳಿಗೆ ಇನ್ನೂ ಮೂರ ಮಿನಿಟು ಇತ್ತು. ಅವತ್ತ ಸಂಜಿಗೆ, ಅಕ್ಕಿಕಾಳು ತಪ್ಪಲಿಲ್ಲಲ್ಲ ಅಂತ, ಮನಿಯಾಕಿ ತನ್ನ ಕೈಲೆ ಅದಕ್ಕ ಹುರಳಿ ಇಟ್ಲು. ನನಗ ರೊಟ್ಟಿ ಆಮ್ಯಾಲ.

ಆದ್ರ ಹಂದರದಾಗಿಂದು ಅಷ್ಟಕ್ಕ ಮುಗದಿರಲಿಲ್ಲ. ಬಾಗಲದ ಒಳಮಗ್ಗಲಕ ಹೆಣ್ಣಿನ ಅಜ್ಜಿ ಮದಲಿಂಗಗ ಆರತಿ ಬೆಳಗಾಕ ತಾಟು ಹಿಡಕೊಂಡು ನಿಂತಿದ್ಲು. ಆಕಿ ಕಣ್ಣು ಮಂದ. ಆಕಿ ಮುಂದ ಮೊದಲ ಬಂದದ್ದು ಕುದರಿ ಬಾಲ. ಭಕ್ತಿಲೆ ಕುಂಕುಮ ಹಚ್ಚಿದ್ಲು, ಆರತಿ ಬೆಳಗಿದ್ಲು, ದೃಷ್ಟಿ ತಗಿಯಾಕ ಮ್ಯಾಲಿಂದ ಕೆಳಗ ಕೈ ಆಡಿಸಿದ್ಲು. ಕೈ ಉದ್ದ ಕೂದಲದಾಗ ಸಿಕ್ಕಿತು. ತಾಟು ದಪ್ ಅಂತ ಕೆಳಗ ಇಟ್ಟು ಹಂದರ ಕೇಳೂವಂಗ ಒದರಿದ್ಲು:

"ಮದಿವಿ ನಿಲ್ಲಸ್ರಿ! ಹೆಣ್ಣ ನೋಡಾಕ ಬಂದಾಂವ ಸಣ್ಣ ಮೀಸಿ ಹುಡುಗ ಇದ್ದ. ಇವರು ಮಾರಿಗುಂಟ ಬಿಳಿ ಗಡ್ಡ ಬಿಟ್ಟ ಮುದುಕನ್ನ ಕರಕೊಂಡು ಬಂದಾರ!"