ಕಲ್ಯಾಣಪ್ಪನ ಕಮಾನು, ಅಂಬಣ್ಣನ ಗೋಡೆ

ಕಮಲಾಪುರದಾಚೆಯ ಆ ಹಳ್ಳಿಯಲ್ಲಿ ಒಂದು ಬೆಳಿಗ್ಗೆ ಕಲ್ಯಾಣಪ್ಪನ ಮನೆ ಮುಂದಿನ ಮುರುಕು ಕಮಾನಿಗೆ ಸರಕಾರದವರು ಫಲಕ ಹಚ್ಚಿದರು: ‘ಐತಿಹಾಸಿಕ ಕಮಾನು. ಪಾಲಕರು: ಕಲ್ಯಾಣಪ್ಪ.’ ಎದುರು ಮನೆಯ ಅಂಬಣ್ಣನ ಹೊಟ್ಟೆಯಲ್ಲಿ ಎದ್ದ ಉರಿಗೆ ಹನ್ನೆರಡು ಊರಿನ ರೊಟ್ಟಿ ಬೇಯುತ್ತಿದ್ದವು. ಹೆಚ್ಚಿಗೆ ಹೇಳುತ್ತಿಲ್ಲ, ಹದಿಮೂರನೆಯ ಊರನ್ನು ಬಿಟ್ಟೇ ಹೇಳಿದ್ದೇನೆ.

“ಎಷ್ಟ್ ಚಂದ ಬರದಾರ ನೋಡ್ರಿ ಅವರ ಹೆಸರು,” ಎಂದಳು ಹೆಂಡತಿ ಭೀಮಬಾಯಿ. “ನಿಮ್ಮದು ಎಲ್ಲೆರ ಬರದಾರೇನು?”

ತನ್ನ ಮನೆಯಲ್ಲೂ ಹಳೆಯದೇನಾದರೂ ಸಿಕ್ಕೀತೆಂದು ಅಂಬಣ್ಣ ಕುರ್ಪಿ ಹಿಡಿದು ಅಡುಗೆಮನೆಯ ಗೋಡೆ ಕೆರೆಯತೊಡಗಿದ. ಏಳು ಪದರು ಸುಣ್ಣ ಉದುರಿದ ಮೇಲೆ ಕಲ್ಲಿನಲ್ಲಿ ಕೆತ್ತಿದ ಕಮಲ ಕಾಣಿಸಿತು.

“ಏ ಭೀಮಾ! ನಾವು ಅರಮನ್ಯಾಗ ಇದ್ದೇವಿ!”

ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತು ಬಸ್ಸು ಹತ್ತಿ ಕಲಬುರಗಿಗೆ ಓಡಿದ. ಪುರಾತತ್ವ ಸಮೀಕ್ಷೆಯ ಅಧಿಕಾರಿ ತಬಸ್ಸುಮ್ ಮೇಡಂ ಹಣ್ಣು ಮುಟ್ಟಲಿಲ್ಲ. ಮೊಬೈಲಿನಲ್ಲಿ ಕಮಲದ ಫೋಟೊ ನೋಡಿದ್ದೇ ಎದ್ದು ನಿಂತರು. “ಖರೇ ಇದ್ರ ಇವತ್ತೇ ಫಲಕ ಬರಸೋಣು,” ಎಂದು ಪೇಂಟರ್ ಲಾಲ್ ಅಹ್ಮದನನ್ನೂ ಜೀಪಿಗೆ ಹತ್ತಿಸಿಕೊಂಡರು. ಕಲಬುರಗಿ ಬಿಡುವಾಗ ಅಂಬಣ್ಣನ ಮಾತಿನಲ್ಲಿ ಅವನ ಅಜ್ಜನ, ಅಂದರೆ ಮುತ್ಯಾನ ಹತ್ತಿರ ಇಪ್ಪತ್ತು ಆನೆಗಳಿದ್ದವು. ಕಮಲಾಪುರ ಬರುವಷ್ಟರಲ್ಲಿ ನೂರಾ ಎಂಟಾದವು.

ಊರಿಗೆ ಊರೇ ಅಡುಗೆಮನೆಗೆ ನುಗ್ಗಿತು. ಮೇಡಂ ಟೇಪು ಹಿಡಿದು ಕಲ್ಲು ಅಳೆದರು, ಎಣಿಸಿದರು: ಹದಿನೇಳು. ಕಮಲದ ಮೇಲೆ ಕಾಗದವಿಟ್ಟು ಅಚ್ಚು ತೆಗೆದರು. ರಸ್ತೆ ದಾಟಿ ಆ ಕಾಗದವನ್ನು ಕಲ್ಯಾಣಪ್ಪನ ಕಮಾನಿನ ಕಮಲಕ್ಕೆ ಹಿಡಿದರು. ಎಸಳಿಗೆ ಎಸಳು ಕೂಡಿತು.

“ನಿಮ್ಮ ಗ್ವಾಡಿ ಕಟ್ಟಿದವರು ಯಾರ್ರೀ?”

“ನಮ್ಮ ಮುತ್ಯಾ ರೀ! ಒಬ್ಬನೇ ಹೊತ್ತು ತಂದಾನ ಎಲ್ಲಾ ಕಲ್ಲು!”

“ಎಲ್ಲಿಂದ?”

ಪಕ್ಕದ ಮನೆಯ ಮುದುಕ ಮಲಂಗಸಾಬ ಗಡ್ಡ ತುರಿಸಿಕೊಂಡ. “ಇದೇ ಕಮಾನಿಂದ ರೀ ಮೇಡಂ. ಆಗ ಮನಿ ಕಟ್ಟೋರೆಲ್ಲಾ ಹಿಂಗೇ ಒಯ್ತಿದ್ರು. ನಮ್ಮ ಅಬ್ಬಾನೂ ಕೈ ಹಚ್ಚಿದ್ದ.”

“ನಾಳೆ ಕೆಲಸದವರು ಬರ್ತಾರ,” ಎಂದರು ಮೇಡಂ. “ಹದಿನೇಳು ಕಲ್ಲು ಕಮಾನಿಗೆ ವಾಪಸ್.”

ಭೀಮಬಾಯಿ ಪಾತ್ರೆಗಳನ್ನು ಎತ್ತಿಡಲು ಅಡುಗೆಮನೆಗೆ ಓಡಿದಳು. ಅಂಬಣ್ಣ ಮಾತ್ರ ಕೈ ಮುಗಿದ. “ಗ್ವಾಡಿ ಹೋದ್ರ ಹೋಗಲಿ ರೀ. ನನ್ನ ಹೆಸರು?”

“ಫಲಕದಾಗ ಬರಸ್ತೀನಿ. ಬರಸಲೇಬೇಕು.”

ಅಂಬಣ್ಣನ ಎದೆ ಕಣಜದಷ್ಟು ಉಬ್ಬಿತು. ಲಾಲ್ ಅಹ್ಮದ ಕುಂಚ ಅದ್ದಿ, ಕಲ್ಯಾಣಪ್ಪನ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಬರೆದ: ‘ಕಳುವಾದ ಹದಿನೇಳು ಕಲ್ಲುಗಳು ಅಂಬಣ್ಣನ ಅಡುಗೆಮನೆಯಲ್ಲಿ ಸಿಕ್ಕವು.’

ಊರು ಹೋ ಎಂದು ನಕ್ಕಿತು. ನಗದೆ ನಿಂತವರು ಇಬ್ಬರೇ. ಒಬ್ಬ ಅಂಬಣ್ಣ. ಇನ್ನೊಬ್ಬ ಕಲ್ಯಾಣಪ್ಪ, ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

“ಇದ್ಯಾವ ನ್ಯಾಯ ರೀ ಮೇಡಂ? ಅವನ ಹೆಸರು ನನ್ನದಕ್ಕಿಂತ ದೊಡ್ಡದು ಬರಸೀರಲ್ಲ!”