ಹೆಣದ ಗಾಡಿ ಡ್ರೈವರಣ್ಣನ ಮುಂದಿನ ಬ್ರೇಕು

ನಗು ಬರುವಂಥದ್ದು ನನ್ನ ಬಾಳಿನಲ್ಲಿ ಯಾವಾಗಲೂ ಮುಖ ಸಪ್ಪಗೆ ಇಟ್ಟುಕೊಂಡಿರಬೇಕಾದ ಹೊತ್ತಲ್ಲೇ ಆಗುತ್ತದೆ. ಈಚೆಗೆ ಒಂದು ಹಳೇ ಬೈಕಿನ ಮುಂದಿನ ಬ್ರೇಕ್ ಬಿಚ್ಚಿದೆ ನೋಡಿ, ಅದು ಮತ್ತೆ ಜೋಡಣೆ ಆಗುವ ತನಕ ಅಂಥವು ಒಂದರ ಹಿಂದೊಂದು ಆದವು.

ನನ್ನದು ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಸಣ್ಣದೊಂದು ಬೈಕ್ ರಿಪೇರಿ ಅಂಗಡಿ. ಊರು ಯಾದಗಿರಿ ಕಡೆ. ಅಂಗಡಿ ಹಿಂದಿನ ರೂಮಿನಲ್ಲೇ ವಾಸ. ಎಂಟು ತಿಂಗಳ ಹಿಂದೆ ಹೆಂಡತಿ ತೀರಿಕೊಂಡಳು. ಕಾಮಾಲೆ ಅಂದರು, ಆಮೇಲೆ ಲಿವರ್ ಅಂದರು, ಹದಿನೈದು ದಿನದಲ್ಲಿ ಎಲ್ಲಾ ಮುಗಿದುಹೋಯಿತು. ಮಕ್ಕಳಿಲ್ಲ. ಅಲ್ಲಿಂದ ಈಚೆಗೆ ನಾನು ಷಟರ್ ಪೂರ್ತಿ ಎತ್ತಿದ್ದೇ ಇರಲಿಲ್ಲ. ಅರ್ಧ ಎತ್ತಿ ಒಳಗೆ ಹಳೇ ಟಯರ್ ಮೇಲೆ ಕೂತಿರುತ್ತಿದ್ದೆ. ಯಾರಾದರೂ ಕೂಗಿದರೆ "ನಾಳೆ ಬನ್ನಿ" ಅಂತಿದ್ದೆ.

೧. ಯಾರು ಹೋದದ್ದು?

ಒಂದು ಬೆಳಿಗ್ಗೆ ಅಂಗಡಿ ಮುಂದೆ ಡ್ರೈವರಣ್ಣ ಬಂದು ನಿಂತರು. ಹಲಸೂರಿನವರು, ಐವತ್ತೈದು ದಾಟಿದೆ. ಓಡಿಸುವುದು ಹೆಣ ಸಾಗಿಸುವ ವ್ಯಾನು. ನನ್ನ ಹೆಂಡತಿಯನ್ನು ಊರಿಗೆ ಒಯ್ದದ್ದೂ ಅವರೇ. ಹಾಗಾಗಿ ನಮ್ಮ ರಸ್ತೆಯಲ್ಲಿ ಅವರ ಮುಖ ಎಲ್ಲರಿಗೂ ಗೊತ್ತು.

ನಾನು ಒಳಗೆ ಮಲಗಿದ್ದೆ. ಅವರು ಬಗ್ಗಿ ಷಟರಿನ ಅಡಿಯಿಂದ ಇಣುಕುತ್ತಿದ್ದರು. ಮಹಡಿಯಿಂದ ಇದನ್ನು ನೋಡಿದ ಮನೆ ಓನರಮ್ಮ, "ಅಯ್ಯೋ ದೇವ್ರೇ, ಇವ್ನೂ ಹೋಗ್ಬಿಟ್ನಾ!" ಅಂತ ಎದೆ ಬಡಿದುಕೊಳ್ಳುತ್ತಾ ಮೆಟ್ಟಿಲಿಳಿದು ಬಂದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಸೇರಿಕೊಂಡರು. ಅಷ್ಟೊತ್ತಿಗೆ ನಾನು ಬನಿಯನ್ನಿನಲ್ಲಿ ಷಟರಿನಡಿ ನುಸುಳಿ ಹೊರಗೆ ಬಂದೆ.

ಅಳು ಗಕ್ಕನೆ ನಿಂತಿತು. ಓನರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಬೇಜಾರಿನಿಂದಲೇ ಕೇಳಿದರು: "ಮತ್ತೆ ಹೋಗಿದ್ದು ಯಾರು?"

"ಯಾರೂ ಹೋಗಿಲ್ಲಮ್ಮಾ," ಅಂದರು ಡ್ರೈವರಣ್ಣ. "ಹೋಗ್ತಾ ಇಲ್ಲ ಅನ್ನೋದೇ ಪ್ರಾಬ್ಲಂ. ನನ್ನ ಬೈಕು ಅಲ್ಲಿ ಮೂಲೇಲಿ ನಿಂತ್ಬಿಟ್ಟಿದೆ."

೨. ಗೇಟಿನ ಮೇಲಿನ ಬರಹ

ಹೋಗಿ ನೋಡಿದೆ. ಹದಿನೈದು ವರ್ಷ ಹಳೇ ಬೈಕು. ಮುಂದಿನ ಚಕ್ರ ತಿರುಗಲೇ ಒಲ್ಲದು. ಡಿಸ್ಕ್ ಮುಟ್ಟಿದರೆ ಕಾದ ಹೆಂಚು. ಕ್ಯಾಲಿಪರ್ ಜಾಮ್ ಆಗಿತ್ತು. ಅಂದರೆ, ಡಿಸ್ಕನ್ನು ಅದುಮಿ ಹಿಡಿಯುವ ಕಬ್ಬಿಣದ ಹಿಡಿ, ಅದರೊಳಗಿನ ಪಿಸ್ಟನ್ ತುಕ್ಕು ಹಿಡಿದು ಹಿಂದಕ್ಕೆ ಸರಿಯುತ್ತಿರಲಿಲ್ಲ.

"ಅಣ್ಣಾ, ಮುಂದಿನ ಬ್ರೇಕ್ ಹಿಡಿಯೋದೇ ಇಲ್ವಾ ನೀವು?"

"ಇಲ್ಲ ಮೇಸ್ತ್ರಿ. ವ್ಯಾನಲ್ಲಿ ಮೆತ್ತಗೆ ನಿಲ್ಸಿ ನಿಲ್ಸಿ ಅಭ್ಯಾಸ ಆಗೋಗಿದೆ. ಜೋರಾಗಿ ಬ್ರೇಕ್ ಹೊಡೆದ್ರೆ ಹಿಂದೆ ಇರೋರು ಉರುಳ್ತಾರೆ. ಪಾಪ, ಬಾಯ್ಬಿಟ್ಟು ಬೈಯೋದೂ ಇಲ್ಲ."

"ನಾಳೆ ಬನ್ನಿ" ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೆಂಡತಿ ಹೋದ ದಿನ ಆಸ್ಪತ್ರೆ ಬಾಗಿಲಲ್ಲಿ ಉಳಿದ ಡ್ರೈವರುಗಳೆಲ್ಲಾ ಅಷ್ಟು ದೂರ ಬರಲ್ಲ ಅಂದಾಗ, ಈ ಮನುಷ್ಯ ನನಗೆ ನಾಳೆ ಅಂದಿರಲಿಲ್ಲ. ಷಟರ್ ಪೂರ್ತಿ ಎತ್ತಿದೆ.

ಹ್ಯಾಂಡಲಿನ ಬ್ರೇಕ್ ಲಿವರ್ ಎಷ್ಟು ಒತ್ತಿದರೂ ಪಿಸ್ಟನ್ ಜಗ್ಗಲಿಲ್ಲ. ಕ್ಯಾಲಿಪರ್ ಬಿಚ್ಚಿ, ಪಕ್ಕದ ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಹಚ್ಚಿದೆ. ಬಟ್ಟೆ ಅಡ್ಡ ಹಿಡಿದಿದ್ದೆ, ಸಾಲಲಿಲ್ಲ. ಪಿಸ್ಟನ್ ಢಮ್ಮನೆ ಹಾರಿ ಚರಂಡಿ ಪಕ್ಕ ಬಿತ್ತು. ಒಳಗಿದ್ದ ಬ್ರೇಕ್ ಆಯಿಲ್ ಓನರಮ್ಮನ ಹಸಿರು ಗೇಟಿಗೆ ಎರಚಿತು. ಹಬ್ಬಕ್ಕೆಂದು ಹೊಸದಾಗಿ ಬಳಿಸಿದ್ದ ಪೇಂಟು. ಒರೆಸಿದೆ. ಆದರೆ ಬ್ರೇಕ್ ಆಯಿಲ್ ಬಿದ್ದ ಮೇಲೆ ಪೇಂಟ್ ಉಳಿಯಲ್ಲ.

ಮಾರನೇ ದಿನ ಗೇಟಿನ ಬಣ್ಣ ಸಿಪ್ಪೆಯಂತೆ ಎದ್ದಿತ್ತು. ಅಡಿಯಲ್ಲಿ ಹಳೇ ನೀಲಿ ಬಣ್ಣ, ಅದರ ಮೇಲೆ ಬಿಳಿ ಅಕ್ಷರ: "ನಿಲ್ಲಿಸಿ". ಉಳಿದದ್ದನ್ನು ಉಗುರಿನಲ್ಲಿ ಕೆರೆದೆ. "ಇಲ್ಲಿ ಗಾಡಿ ನಿಲ್ಲಿಸಿ."

ನನ್ನ ಹೆಂಡತಿಯ ಕೈಬರಹ. ನಾವು ಬಂದ ಹೊಸತರಲ್ಲಿ ಓನರಮ್ಮ ಅವಳ ಕೈಗೆ ಬ್ರಷ್ ಕೊಟ್ಟು, "ಗಾಡಿ ನಿಲ್ಲಿಸಬೇಡಿ ಅಂತ ಬರಿ" ಅಂದಿದ್ದರು. ಅವಳು ಹೀಗೆ ಬರೆದು, ಕೇಳಿದರೆ "ಪೂರ್ತಿ ಬರಿಯಾಕ ಜಾಗ ಸಾಲ್ಲಿಲ್ರಿ ಅಮ್ಮಾ" ಅಂದಿದ್ದಳು. ಗೇಟು ಅರ್ಧ ಖಾಲಿ ಇತ್ತು. ಮಾರನೇ ದಿನವೇ ಓನರಮ್ಮ ಅದರ ಮೇಲೆ ಎರಡು ಕೋಟ್ ಬಳಿಸಿದ್ದರು.

ಈಗ ಓನರಮ್ಮ ಬಂದು ಆ ಅಕ್ಷರ ನೋಡಿದರು. ನಾನು ಬೈಗುಳಕ್ಕೆ ಕಾದೆ. ಅವರು ಸೆರಗಲ್ಲಿ ಮೂಗು ಒರೆಸಿಕೊಂಡು ಅಂದರು:

"ಎಂಥಾ ಹೆಂಗ್ಸೋ! ಸತ್ತು ಎಂಟು ತಿಂಗ್ಳಾಯ್ತು, ಇನ್ನೂ ನಿನ್ನಂಗ್ಡಿಗೆ ಗಿರಾಕಿ ಕರೀತಾವ್ಳೆ."

೩. ಶಿವಾಜಿನಗರಕ್ಕೆ ಸವಾರಿ

ಪಿಸ್ಟನ್ ಮೈಯೆಲ್ಲಾ ತುಕ್ಕಿನ ಗುಳಿ. ತಿಕ್ಕಿದರೆ ಹೋಗುವಂಥದ್ದಲ್ಲ, ಹೊಸದೇ ಬೇಕು, ರಬ್ಬರ್ ಸೀಲ್ ಸಮೇತ. ಅಷ್ಟು ಹಳೇ ಮಾಡೆಲ್ಲಿನ ಸಾಮಾನು ನಮ್ಮ ಕಡೆ ಸಿಗಲ್ಲ. ಶಿವಾಜಿನಗರದ ಹಳೇ ಸ್ಪೇರ್ ಅಂಗಡಿಗಳಿಗೇ ಹೋಗಬೇಕು.

"ನಾನೂ ಆ ಕಡೇನೇ ಹೋಗ್ಬೇಕು, ವ್ಯಾನು ಖಾಲಿ ಇದೆ, ಬಾ ಮೇಸ್ತ್ರಿ," ಅಂದರು ಡ್ರೈವರಣ್ಣ. ಮುಂದಿನ ಸೀಟಿನಲ್ಲಿ ಅವರ ಅಕ್ಕ ಕೂತಿದ್ದರು, ಹಲಸೂರಿನಲ್ಲಿ ಇಳಿಯುವವರು. ನಾನು ಹಿಂದೆ ಹತ್ತಿದೆ.

ಅದೇ ಬೆಂಚು. ಆವತ್ತು ಊರಿನ ತನಕ ನಾನು ಅವಳ ಪಕ್ಕ ಕೂತಿದ್ದ ಜಾಗ. ಕೂರಲು ಆಗಲಿಲ್ಲ. ಕ್ಯಾಲಿಪರ್ ಎದೆ ಮೇಲೆ ಇಟ್ಟುಕೊಂಡು, ಅವಳನ್ನು ಮಲಗಿಸಿದ್ದ ಕಡೆಯೇ ಉದ್ದಕ್ಕೆ ಮಲಗಿದೆ. ಟಿನ್ ಫ್ಯಾಕ್ಟರಿ ದಾಟುವುದರೊಳಗೆ ನಿದ್ದೆ ಬಂದುಬಿಟ್ಟಿತು. ಎಷ್ಟೋ ತಿಂಗಳಿಂದ ಅಂಥ ನಿದ್ದೆ ಬಂದಿರಲಿಲ್ಲ.

ಹಲಸೂರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಎಚ್ಚರ ಆಯಿತು. ಎದ್ದು ಕೂತೆ. ಗಾಜಿನಾಚೆ ಸ್ಕೂಟರ್ ಮೇಲೆ ಒಬ್ಬರು ಕಣ್ಣು ಮುಚ್ಚಿ ನನಗೇ ಕೈ ಮುಗಿಯುತ್ತಿದ್ದರು. ಕಣ್ಣು ಬಿಟ್ಟರು. ದೊಡ್ಡವರು ಕೈ ಮುಗಿದಾಗ ಸುಮ್ಮನಿರಬಾರದು ಅಂತ ನಾನೂ ಮುಗಿದೆ. ಸಿಗ್ನಲ್ ಬಿಟ್ಟರೂ ಆ ಸ್ಕೂಟರ್ ಕದಲಲಿಲ್ಲ.

ಶಿವಾಜಿನಗರದಲ್ಲಿ ಅಂಗಡಿಯ ಭಾಯ್ ಪಿಸ್ಟನ್ ತಿರುಗಿಸಿ ನೋಡಿ, "ಅರೆ, ಇದು ಭಾಳ ಪುರಾನಾ ಮಾಡೆಲ್ಲು. ಗಾಡಿ ತಂದಿದೀರಾ?" ಅಂದರು. ಅರೆನಿದ್ದೆಯಲ್ಲಿದ್ದ ನಾನು ಬಾಗಿಲ ಕಡೆ ಕೈ ತೋರಿಸಿದೆ. ಭಾಯ್ ಬಗ್ಗಿ ನೋಡಿದರು. ಹೂವಿನ ಹಾರ ತೂಗುಬಿಟ್ಟ ವ್ಯಾನು ನಿಂತಿತ್ತು. ಅವರು ಟೋಪಿ ಸರಿ ಮಾಡಿಕೊಂಡು, ತುಂಬಾ ಮೆತ್ತಗೆ ಹೇಳಿದರು:

"ಭಾಯ್, ಇಲ್ಲಿ ಸ್ಪೇರ್ ಪಾರ್ಟ್ ಮಾತ್ರ ಸಿಗ್ತದೆ. ಹೋದ ಜಾನ್ ವಾಪಸ್ ಸಿಗಲ್ಲ."

೪. ತಪ್ಪು ಗಾಡಿ

ಪಿಸ್ಟನ್ ಸಿಕ್ಕಿತು. ಮಾರನೇ ದಿನ ಕ್ಯಾಲಿಪರ್ ಒಳಗೆಲ್ಲಾ ತಿಕ್ಕಿ, ಹೊಸ ಸೀಲ್ ಹಾಕಿ, ಪಿಸ್ಟನ್ ಹೆಬ್ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಇಳಿಯಿತು. ಹೊಸ ಆಯಿಲ್ ತುಂಬಿ, ಡ್ರೈವರಣ್ಣ ಲಿವರ್ ಒತ್ತೋದು, ನಾನು ಕ್ಯಾಲಿಪರಿನ ನಿಪ್ಪಲ್ ತಿರುಪು ಸಡಿಲಿಸಿ ಒಳಗಿನ ಗಾಳಿ ತೆಗೆಯೋದು. ಗುಳ್ಳೆ ಬರುವುದು ನಿಂತು ಲಿವರ್ ಗಟ್ಟಿಯಾಯಿತು. ಅವರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಅಂಗಡಿ ಮುಂದೆ ಮುಂದಿನ ಬ್ರೇಕ್ ಹಿಡಿದು ಕರೆಕ್ಟಾಗಿ ನಿಲ್ಲಿಸಿದರು. ಇಬ್ಬರೂ ಟೀ ಕುಡಿಯುತ್ತಾ ಕೂತೆವು.

"ಮೇಸ್ತ್ರಿ, ಒಂದು ಮಾತು. ಇಷ್ಟು ದಿನ ಹೇಳೋಕೆ ಧೈರ್ಯ ಬರಲಿಲ್ಲ," ಅಂದರು. "ಆವತ್ತು ನಿಮ್ಮೂರಿಗೆ ಹೋಗ್ತಾ ಬಳ್ಳಾರಿ ದಾಟಿ ಟೀಗೆ ನಿಲ್ಸಿದ್ವಲ್ಲ, ನೆನಪಿದ್ಯಾ?"

"ಏನೂ ನೆನಪಿಲ್ಲ ಅಣ್ಣಾ."

"ನೀನು ಮುಖ ತೊಳೆಯೋಕೆ ಹೋದೆ. ಕಾಲು ಗಂಟೆ ಆದ್ರೂ ಪತ್ತೆ ಇಲ್ಲ. ಹುಡುಕ್ತೀನಿ, ಪಕ್ಕದಲ್ಲಿ ಇನ್ನೊಂದು ಬಿಳಿ ವ್ಯಾನು, ಅದಕ್ಕೂ ಹೂವಿನ ಹಾರ. ಮದುವೆ ಮುಗಿಸಿ ಹೆಣ್ಣನ್ನ ಗಂಡನ ಮನೆಗೆ ಕಳಿಸೋಕೆ ಹೊರಟಿರೋರು. ನೀನು ಅದರಲ್ಲಿ ಹತ್ತಿ ಕೂತಿದೀಯ!"

ಅಷ್ಟು ಹೇಳಿದ ಮೇಲೆ ಮಸುಕಾಗಿ ನೆನಪಾಯಿತು. ಆ ಗಾಡಿಯಲ್ಲಿ ಎಲ್ಲರೂ ಅಳುತ್ತಿದ್ದರು. ಅದಕ್ಕೇ ನಮ್ಮದೇ ಗಾಡಿ ಅಂದುಕೊಂಡಿದ್ದೆ.

"ನೀನು ಗೊಳೋ ಅಂತ ಅಳ್ತಾ ಇದೀಯ. ಅವರೆಲ್ಲಾ ನಿನ್ನನ್ನ ಹೆಣ್ಣಿನ ಸೋದರಮಾವ ಅಂದ್ಕೊಂಡು ಬೆನ್ನು ಸವರ್ತಾ ಇದಾರೆ. 'ಅಳಬ್ಯಾಡ್ರಿ, ಹೆಣ್ಣುಮಕ್ಕಳು ಅಂದಮ್ಯಾಲೆ ಒಂದಿನ ಹೋಗಾಕಬೇಕಲ್ರಿ' ಅಂತ. ಕೈಗೆ ಎರಡು ಲಾಡು ಬೇರೆ ಕೊಟ್ಟಿದಾರೆ."

ಟೀ ಗ್ಲಾಸು ಕೆಳಗಿಟ್ಟೆ. ನಗು ತಡೆಯೋಕಾಗುತ್ತಿಲ್ಲ, ಕಣ್ಣಲ್ಲಿ ನೀರು. ಮೇಲಿಂದ ಓನರಮ್ಮ ಇಣುಕಿ ನೋಡಿದರು.

"ಆಮೇಲೆ?"

"ಏನು ಹೇಳ್ಲಿ ಅವರಿಗೆ? ಮದುವೆ ಮನೆಯೋರು, ಸಾವಿನ ಮಾತು ಆಡೋ ಹಾಗಿಲ್ಲ. 'ಬಾಪ್ಪಾ, ನಿನ್ನ ಹೆಂಡ್ತಿ ಆ ಗಾಡೀಲಿ ಮಲಗಿದಾಳೆ' ಅಂದೆ ಅಷ್ಟೆ. ಅಲ್ಲೊಂದು ಮುದುಕಿ ಕೂತಿತ್ತು ನೋಡು, ನಿನ್ನ ತಲೆ ಮೇಲೆ ಪಟ್ ಅಂತ ಒಂದು ಏಟು ಕೊಟ್ಟು ಹೇಳ್ತು: 'ಹುಚ್ಚಪ್ಪಾ, ಹೆಂಡ್ತಿ ಒಬ್ಬಾಕೀನ ಬಿಟ್ಟು ಇಲ್ಲಿ ಕುಂತೀ ಏನು? ಎದ್ದು ಹೋಗು ಲಗೂನ, ಆಕಿ ಎದ್ರ ಬೈತಾಳ!'"