ನಾಲಿಕೇನಾ ಆಸ್ಪತ್ರೆಯ ನೆನಪಿನ ಗಂಟುಗಳು

ನಾಲಿಕೇನಾದ ತಾಯಂದಿರು ಕಲಿತದ್ದನ್ನು ಮರೆಯುತ್ತಾರೆ ಎಂಬುದು ಮಳೆಗಾಲಕ್ಕೆ ಮುಂಚೆಯೇ ಅಧಿಕೃತವಾಗಿ ತೀರ್ಮಾನವಾಗಿತ್ತು. ಈ ತೀರ್ಮಾನವನ್ನು ತಾಯಂದಿರಿಗೆ ಯಾರೂ ತಿಳಿಸಿರಲಿಲ್ಲವಾದ್ದರಿಂದ ಅವರು ಎಂದಿನಂತೆ ಎಲ್ಲವನ್ನೂ ನೆನಪಿಟ್ಟುಕೊಂಡೇ ಓಡಾಡುತ್ತಿದ್ದರು.

ನದಿ ಉಕ್ಕಿ ಬಯಲೆಲ್ಲ ನೀರಾದಾಗ ಸೊಳ್ಳೆಗಳು ದಡ ಹತ್ತಿ ನಮ್ಮ ಊರಿಗೆ ಬರುತ್ತವೆ. ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯವರು ಎಳೆಮಕ್ಕಳ ತಾಯಂದಿರನ್ನು ಮಾವಿನ ಮರದಡಿ ಕೂರಿಸಿ ದಿನಕ್ಕೊಂದು ಪಾಠ ಹೇಳುತ್ತಾರೆ. ಕಲಿತವರಿಗೆ ಕೊನೆಗೆ ಒಂದು ಸೊಳ್ಳೆಪರದೆ. ನಾಸಿಲೆಲೆಗೆ ಆ ಪರದೆ ಬೇಕೇಬೇಕಿತ್ತು. ಹೋದ ಮಳೆಗಾಲದಲ್ಲಿ ಅವಳ ಮಗಳು ಮ್ವಂಗಾಲಾ ಚಳಿಜ್ವರದಲ್ಲಿ ನಡುಗಿದ್ದು ಇಡೀ ಕೇರಿಗೆ ಗೊತ್ತು. ಈ ಸಲ ಬೆನ್ನ ಮೇಲೆ ಕೂಸು ಮುಬಿತಾ ಬೇರೆ ಇದ್ದ.

ಗಂಟಿನ ಯೋಜನೆ ಹುಟ್ಟಿದ್ದು ಹೀಗೆ. ಆರೋಗ್ಯ ಶಿಕ್ಷಣದ ಅಧಿಕಾರಿ ಬೋ ಇಮಾಸಿಕು ಒಂದು ಬೆಳಿಗ್ಗೆ ಸರದಿಯಲ್ಲಿ ನಿಂತಿದ್ದ ಮೀನು ಮಾರುವ ಇನೊಂಗೆಯನ್ನು ನೋಡಿದರು. ಅವಳು ತನ್ನ ಚಿತೆಂಗೆಯ ತುದಿಯ ಗಂಟನ್ನು ಬಿಚ್ಚುತ್ತಿದ್ದಳು. ನಾವೆಲ್ಲ ಸೊಂಟಕ್ಕೆ ಸುತ್ತುವುದೂ ಕೂಸನ್ನು ಬೆನ್ನಿಗೆ ಕಟ್ಟುವುದೂ ಆ ಬಟ್ಟೆಯಲ್ಲೇ.

"ಅದೇನಮ್ಮ ಗಂಟು?"

"ಉಪ್ಪು, ಸ್ವಾಮಿ."

"ಉಪ್ಪು ಅದರೊಳಗಿದೆಯಾ?"

"ಅದರೊಳಗೆ ಏನೂ ಇಲ್ಲ. ಉಪ್ಪು ತರೋದು ನೆನಪಿರ್ಲಿ ಅಂತ ಕಟ್ಕೊಂಡಿದ್ದು. ಆದ್ರೆ ಗಂಟಿದೆಯಲ್ಲ ಅಂತ ಧೈರ್ಯವಾಗಿದ್ದು, ತರೋದೇ ಮರೆತುಬಿಟ್ಟೆ."

ಕೊನೆಯ ಮಾತು ಬರುವಷ್ಟರಲ್ಲಿ ಬೋ ಇಮಾಸಿಕು ಕಚೇರಿಯೊಳಗೆ ಹೋಗಿಯಾಗಿತ್ತು.

ಮಾರನೆಯ ದಿನ ಮಾವಿನ ಮರಕ್ಕೆ ಪ್ರಕಟಣೆ ಅಂಟಿಸಿದರು. "ದಿನದ ಪಾಠ ಮುಗಿದ ಕೂಡಲೇ ಪ್ರತಿ ತಾಯಿಯೂ ತನ್ನ ಚಿತೆಂಗೆಗೆ ಒಂದು ಗಂಟು ಹಾಕತಕ್ಕದ್ದು. ಕಲಿಕೆಯು ಮಗುವಿಗೆ ಹತ್ತಿರವಿರಬೇಕಾದ್ದರಿಂದ ಮಗುವನ್ನು ಹೊರುವ ಬಟ್ಟೆಯ ಗಂಟು ಮಾತ್ರ ಮಾನ್ಯ. ಗಂಟು ಬಿಚ್ಚುವುದನ್ನು ಉದ್ದೇಶಪೂರ್ವಕ ಮರೆವು ಎಂದು ಪರಿಗಣಿಸಲಾಗುವುದು."

ಮೊದಲ ತಪಾಸಣೆಯಲ್ಲಿ ನಾಸಿಲೆಲೆ ಎದ್ದು ನಿಂತು ಅದುವರೆಗಿನ ಪಾಠಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ನೀರು ಕುದಿಸುವುದು, ಭೇದಿಗೆ ಸಕ್ಕರೆ ಉಪ್ಪಿನ ನೀರು, ಕೈ ತೊಳೆಯುವುದು, ಯಾವುದನ್ನೂ ಬಿಡಲಿಲ್ಲ.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬಟ್ಟೆ ತೋರಿಸು" ಎಂದರು ಬೋ ಇಮಾಸಿಕು.

ಬಟ್ಟೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿತ್ತು. "ಏನೂ ಕಲಿತಿಲ್ಲ" ಎಂದು ದಾಖಲಾಯಿತು.

ಇನೊಂಗೆಯ ಬಟ್ಟೆಯಲ್ಲಿ ಚಿಲ್ಲರೆಗೊಂದು, ನಶ್ಯಕ್ಕೊಂದು, ಗಂಡನನ್ನು ಬಯ್ಯಬೇಕಾದ ವಿಷಯಗಳಿಗೆ ಕೆಲವು, ಹೀಗೆ ಮೊದಲಿನಿಂದಲೂ ಗಂಟುಗಳಿದ್ದವು. ಅವಳನ್ನು ಮಾದರಿ ತಾಯಿ ಎಂದು ಘೋಷಿಸಿದರು. ನಮ್ಮಲ್ಲಿ ದೊಡ್ಡವರಿಗೆ ಗೌರವ ಕೊಡುವುದು ಮೆಲ್ಲಗೆ ಚಪ್ಪಾಳೆ ತಟ್ಟಿ. ಅಂದು ಅವಳ ಗಂಟುಗಳಿಗೂ ಮಂಡಿಯೂರಿ ಚಪ್ಪಾಳೆ ತಟ್ಟಿದೆವು.

"ಏನೇ ನಾಸಿಲೆಲೆ, ಕಲಿತದ್ದೆಲ್ಲ ತಲೇಲಿ ಇಟ್ಕೊಂಡು ಓಡಾಡ್ತೀಯಲ್ಲ, ಎಲ್ಲಾದ್ರೂ ಬಿದ್ದುಹೋದ್ರೆ?" ಎಂದು ಇನೊಂಗೆ ಕೇಳಿದಳು.

"ನಿನ್ನ ಗಂಟು ಬಿಚ್ಚಿದ್ರೆ ನಿನ್ನ ಗಂಡ ಬೀಳ್ತಾನೆ, ಸುಮ್ನಿರು" ಎಂದಳು ನಾಸಿಲೆಲೆ. ಆದರೆ ಪರದೆ ಬೇಕಿತ್ತು. ಅಂದಿನಿಂದ ಅವಳೂ ಗಂಟು ಹಾಕತೊಡಗಿದಳು.

ಗಂಟು ಹಾಕಿದ್ದೇ ತಡ, ತಲೆ ಹಗುರವಾಯಿತು. ಒಂದು ಸಂಜೆ ಒಲೆಯ ಮುಂದೆ ಮ್ವಂಗಾಲಾ ಕೇಳಿದಳು: "ಅವ್ವಾ, ತಮ್ಮಂಗೆ ಭೇದಿ. ಆ ನೀರಿಗೆ ಸಕ್ಕರೆ ಎಷ್ಟು ಹಾಕಬೇಕು?"

ನಾಸಿಲೆಲೆ ಬಟ್ಟೆ ತಡವಿದಳು. "ಈ ಗಂಟಲ್ಲಿದೆ ಕಣೆ. ಇಲ್ಲ, ಇದರಲ್ಲಿ."

"ಬಿಚ್ಚಿ ನೋಡು ಮತ್ತೆ."

"ಬಿಚ್ಚಿದ್ರೆ ಮರೆತಂಗೆ ಲೆಕ್ಕ. ಹೋಗಿ ಅಜ್ಜೀನ ಕೇಳು." ಅಜ್ಜಿ ಪಾಠಕ್ಕೆ ಹೋದವಳಲ್ಲ, ಆದ್ದರಿಂದ ಅವಳಿಗೆ ಗೊತ್ತಿತ್ತು.

ಪಾಠಗಳು ಹೆಚ್ಚಿದಂತೆ ಬಟ್ಟೆಗಳು ಗಿಡ್ಡವಾದವು. ಕೊನೆಕೊನೆಗೆ ಚಿತೆಂಗೆ ಎಂಬುದು ಗೆಣಸಿನ ಬಳ್ಳಿಯಂತಾಗಿ ಬೆನ್ನಿಗೆ ಸುತ್ತಿದರೆ ಮುಂದಕ್ಕೆ ತಲುಪುತ್ತಿರಲಿಲ್ಲ. ತಾಯಂದಿರು ದೂರು ಕೊಟ್ಟರು.

"ಮಗುವಿನ ಸಾಗಾಣಿಕೆ ಶಿಕ್ಷಣ ವಿಭಾಗಕ್ಕೆ ಬರುವುದಿಲ್ಲ" ಎಂದರು ಬೋ ಇಮಾಸಿಕು. ಕೂಸುಗಳು ಮೀನಿನ ಬುಟ್ಟಿಯಲ್ಲೂ ಸೊಂಟದ ಮೇಲೂ ಓಡಾಡಿದವು. ಕೈ ಬಿಡುವಿಲ್ಲದೆ ಅಧಿಕಾರಿಗೆ ಯಾರೂ ಚಪ್ಪಾಳೆ ತಟ್ಟದಂತಾಯಿತು. ಅದರಿಂದ ಅವರಿಗೆ ನೋವಾಯಿತು. "ಯೋಜನೆ ಮುಗಿಯುವವರೆಗೆ ತಲೆಯಾಡಿಸಿದರೂ ಸಾಕು" ಎಂಬ ತಿದ್ದುಪಡಿ ಹೊರಬಿತ್ತು.

ಪರದೆ ಹಂಚುವ ದಿನ ಪಟ್ಟಣದಿಂದ ದೊಡ್ಡ ಅಧಿಕಾರಿ ಬಂದರು. ನಾಸಿಲೆಲೆಯ ಬಟ್ಟೆ ಎತ್ತಿ ನೋಡಿ, "ಭಾರವಾಗಿದೆ!" ಎಂದು ಮೆಚ್ಚಿದರು. ಒಂದು ಗಂಟನ್ನು ಹಿಡಿದು, "ಇದರಲ್ಲಿ ಏನು ಕಲಿತೆ, ತಾಯಿ?" ಎಂದು ಕೇಳಿದರು.

ನಾಸಿಲೆಲೆ ಗಂಟನ್ನು ನೋಡಿದಳು, ಮೇಜನ್ನು ನೋಡಿದಳು. ಮುಬಿತಾನ ಪರದೆ ಮೇಜಿನ ಮೇಲೇ ಇತ್ತು.

ಬೋ ಇಮಾಸಿಕು ನಡುವೆ ಬಂದರು. "ಹೇಳಿಸಬೇಡಿ ಸರ್. ಹೇಳಿದರೆ ಗಂಟು ಖಾಲಿಯಾಗುತ್ತೆ."

"ಸರಿಯಾದ ಮಾತು" ಎಂದರು ದೊಡ್ಡವರು. ಪರದೆ ಸಿಕ್ಕಿತು.

ಮನೆಗೆ ಹೊರಟ ನಾಸಿಲೆಲೆಯ ಒಂದು ತೋಳಲ್ಲಿ ಕೂಸು, ಇನ್ನೊಂದರಲ್ಲಿ ಪರದೆ, ಹೆಗಲ ಮೇಲೆ ಕಲಿಕೆ. ಮೂರರಲ್ಲಿ ಒಂದನ್ನು ಇನ್ನೊಂದರಲ್ಲಿ ಕಟ್ಟದೆ ದಾರಿ ಸಾಗುವಂತಿರಲಿಲ್ಲ. ಅವಳು ಪರದೆ ಬಿಡಿಸಿ ಮುಬಿತಾನನ್ನು ಬೆನ್ನಿಗೆ ಕಟ್ಟಿಕೊಂಡಳು. ಗಾಳಿಯಾಡಿತು, ಕೂಸು ನಕ್ಕಿತು. ಹಿಂದೆ ಬರುತ್ತಿದ್ದವರೂ ಹಾಗೇ ಕಟ್ಟಿಕೊಂಡರು. "ನಾಲಿಕೇನಾದ ಮಕ್ಕಳು ಹಗಲಲ್ಲೂ ಪರದೆಯೊಳಗೇ ಇರುತ್ತಾರೆ" ಎಂದು ಪಟ್ಟಣಕ್ಕೆ ವರದಿ ಹೋಯಿತು. ಹಗಲೆಲ್ಲ ಕೂಸುಗಳು ಒದ್ದೆ ಮಾಡಿದ ಪರದೆಗಳು ರಾತ್ರಿ ಬೇಲಿಯ ಮೇಲೆ ಒಣಗುತ್ತಿದ್ದವು ಎಂಬುದು ವರದಿಯಲ್ಲಿರಲಿಲ್ಲ.

ನೀರು ಏರಿತು. ಬೋ ಇಮಾಸಿಕು ತುರ್ತಾಗಿ ಇನ್ನೊಂದು ಪಾಠ ಹೇಳಿದರು: ಪರದೆಯನ್ನು ರಾತ್ರಿ ಹಾಸಿಗೆಯ ಮೇಲೆ ಕಟ್ಟಬೇಕು. ಚಿತೆಂಗೆಯಲ್ಲಿ ಜಾಗವಿರಲಿಲ್ಲ. ನಾಸಿಲೆಲೆ ಪರದೆಯ ತುದಿಯನ್ನೇ ಹಿಡಿದು ಬಿಗಿಯಾಗಿ ಒಂದು ಗಂಟು ಹಾಕಿದಳು. ಅದು ಮಾನ್ಯವೆಂದು ಅಲ್ಲೇ ಒಪ್ಪಿಗೆಯೂ ಆಯಿತು, ಏಕೆಂದರೆ ಈಗ ಮಗುವನ್ನು ಹೊರುವ ಬಟ್ಟೆ ಅದೇ.

ಆ ಸಂಜೆ ಪರದೆಯನ್ನು ಬೇಲಿಗೆ ಹರವುತ್ತ ಅವಳು ಗಂಟು ಮುಟ್ಟಿ ನೋಡಿದಳು. "ಏನೋ ಮುಖ್ಯವಾದ್ದೇ ಕಣೆ ಇದು."

"ಬಿಡು, ಗಂಟಿದೆಯಲ್ಲ" ಎಂದಳು ಪಕ್ಕದ ಬೇಲಿಯಿಂದ ಇನೊಂಗೆ.

ಕತ್ತಲಾಗುತ್ತಿದ್ದಂತೆ ಪ್ರತಿ ಅಂಗಳದಲ್ಲೂ ತಾಯಂದಿರು ಕೂಸುಗಳ ಮುಖದ ಸುತ್ತ ಎರಡು ಕೈಯಿಂದ ಸೊಳ್ಳೆ ಹೊಡೆಯತೊಡಗಿದರು. ತಮ್ಮ ಜಗಲಿಯಲ್ಲಿ ಕೂತಿದ್ದ ಬೋ ಇಮಾಸಿಕು ಕಿವಿಗೊಟ್ಟು ಕೇಳಿದರು. ಊರಿಗೆ ಊರೇ ಚಪ್ಪಾಳೆ ತಟ್ಟುತ್ತಿತ್ತು. ಅವರು ಎದ್ದು ನಿಂತು, ವಿನಯದಿಂದ ತಲೆಬಾಗಿ, ಅದನ್ನು ಸ್ವೀಕರಿಸಿದರು.